ಚಿತ್ರ ಇಳಿಸಿದ ಕಥೆ

ಹಿಂದೆ ಮದುವೆಯ ಫೋಟೋ ಮಳೆಗೆ ನೆಂದು ಹಾಳಾದರೂ ನಾವು ಎದೆಗುಂದುತ್ತಿರಲಿಲ್ಲ. ಸ್ಟುಡಿಯೋದಲ್ಲಿ ನೆಗೆಟಿವ್ ಇರುತ್ತಿತ್ತು; ಕೇಳಿದರೆ ಇನ್ನೊಂದು ಪ್ರತಿ ಸಿಗುತ್ತಿತ್ತು. ಡಿಜಿಟಲ್ ಕ್ಯಾಮೆರಾಕ್ಕೆ ನೆಗೆಟಿವ್ ಇಲ್ಲ. ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ತನಕ ಇರುವುದು ಒಂದೇ ಪ್ರತಿ. ಆ ಇಳಿಸುವ ಕೆಲಸಕ್ಕೂ ಒಂದು ಚರಿತ್ರೆಯುಂಟು.

1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ಕಂಪ್ಯೂಟರಿಗೆ ಉಣಿಸಿದರು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕಿಗಳು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಾಗಿತ್ತು. ನೋಡಬೇಕಾದರೆ ಆ ಕ್ಯಾಸೆಟ್ಟನ್ನು ಬೇರೊಂದು ಯಂತ್ರಕ್ಕೆ ಹಾಕಿ ಟೀವಿಗೆ ಜೋಡಿಸಬೇಕಿತ್ತು.

1994ರಲ್ಲಿ ಬಂದ ಆಪಲ್ ಕ್ವಿಕ್‌ಟೇಕ್ ಕ್ಯಾಮೆರಾದಲ್ಲಿ ಒಳ್ಳೆಯ ಗುಣಮಟ್ಟದ ಚಿತ್ರಗಳು ಎಂಟೇ ಹಿಡಿಸುತ್ತಿದ್ದವು. ಅವನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿ, ಜಾಗ ಖಾಲಿ ಮಾಡಿ, ಮತ್ತೆ ತೆಗೆಯಬೇಕು. 1997ರಲ್ಲಿ ಸೋನಿಯವರು ಕ್ಯಾಮೆರಾದೊಳಗೇ ಫ್ಲಾಪಿ ಇಟ್ಟರು. ತಂತಿಯ ಗೊಡವೆ ತಪ್ಪಿತು; ಆದರೆ ಫ್ಲಾಪಿಯಲ್ಲಿದ್ದ ಜಾಗ 1.44 ಎಂಬಿ ಮಾತ್ರ.

ದೊಡ್ಡ ತೊಡಕು ಬೇರೆಯೇ ಇತ್ತು. ಕಂಪನಿಗೊಂದು ಬಗೆಯ ತಂತಿ, ಕ್ಯಾಮೆರಾಕ್ಕೊಂದು ತಂತ್ರಾಂಶ. ಗಡಿಯೂರಿನ ನಮಗೆ ಇದು ಬೇಗ ಅರ್ಥವಾಗುತ್ತದೆ: ಎರಡು ಯಂತ್ರಗಳ ನಡುವೆ ದುಭಾಷಿ ಇಲ್ಲದಿದ್ದರೆ ವ್ಯವಹಾರ ನಡೆಯದು. 1996ರಲ್ಲಿ ಯುಎಸ್‌ಬಿ ಎಂಬ ಸಮಾನ ಜೋಡಣೆ ಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ವಡೋದರದಲ್ಲಿ ಓದಿದ ಅಜಯ್ ಭಟ್. ಹಳೆಯ ಸೀರಿಯಲ್ ತಂತಿಯಲ್ಲಿ ಒಂದು ಎಂಬಿ ದಾಟಲು ಸುಮಾರು ಒಂದೂವರೆ ನಿಮಿಷ ಬೇಕಿದ್ದರೆ, ಇದರಲ್ಲಿ ಕೆಲವೇ ಸೆಕೆಂಡು ಸಾಕಾಯಿತು. 1999ರಲ್ಲಿ ಎಸ್‌ಡಿ ಕಾರ್ಡ್ ಪ್ರಕಟವಾಯಿತು. ಮುಂದೆ ಅಂಚೆಚೀಟಿಯಷ್ಟು ಜಾಗದಲ್ಲಿ ಸಾವಿರಾರು ಚಿತ್ರಗಳು ಕೂತವು.

ಹೀಗೆ ದಾರಿ ಸುಲಭವಾದಂತೆ ನಮ್ಮ ಎಚ್ಚರ ಕಡಿಮೆಯಾಯಿತು. ಎಂಟೇ ಚಿತ್ರ ಹಿಡಿಯುತ್ತಿದ್ದಾಗ ಇಳಿಸದೆ ವಿಧಿಯಿರಲಿಲ್ಲ. ಸಾವಿರ ಹಿಡಿಯುವಾಗ ನಾಳೆ ಇಳಿಸಿದರಾಯಿತು ಎಂದು ಬಿಡುತ್ತೇವೆ. ಕಾರ್ಡು ಕೆಟ್ಟ ದಿನ ಅಜ್ಜಿಯ ಕೊನೆಯ ಚಿತ್ರವೂ ಹೋಗುತ್ತದೆ.

ಆದ್ದರಿಂದ ಬಂಧುಗಳೇ, ಕಾರ್ಡಿನಲ್ಲಿರುವುದನ್ನು ಮೊದಲು ನಕಲು ಮಾಡಿ; ಕಂಪ್ಯೂಟರಿನಲ್ಲಿ ತೆರೆದು ನೋಡಿ; ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ. ಆಮೇಲೆ ಮಾತ್ರ ಕಾರ್ಡಿನಿಂದ ಅಳಿಸಿ. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನೂ ಬರೆದಿಡಿ. ಮೊಮ್ಮಕ್ಕಳು ಕೇಳಿದಾಗ ಹೇಳಲು ನಾವು ಇರುತ್ತೇವೋ ಇಲ್ಲವೋ, ಆ ಬರಹ ಇರುತ್ತದೆ.