1977ರ ಲೋಕಸಭಾ ಚುನಾವಣೆ ಮತ್ತು ಹುಬ್ಬಳ್ಳಿ-ಧಾರವಾಡ

ಭಾರತದ ಆರನೆಯ ಲೋಕಸಭೆಗಾಗಿ 1977ರ ಮಾರ್ಚ್ 16ರಿಂದ 20ರವರೆಗೆ ನಡೆದ ಚುನಾವಣೆಯು ಕೇಂದ್ರದಲ್ಲಿ ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ರಚನೆಗೆ ದಾರಿ ಮಾಡಿದರೂ ಹುಬ್ಬಳ್ಳಿ-ಧಾರವಾಡ ಅವಳಿ ನಗರವನ್ನೊಳಗೊಂಡ ಧಾರವಾಡ ಉತ್ತರ ಕ್ಷೇತ್ರ ಮಾತ್ರ ತನ್ನ ಹಳೆಯ ನಿಷ್ಠೆಯನ್ನು ಬಿಡಲಿಲ್ಲ. ಮುಂಬಯಿ ರಾಜ್ಯದ ಕಾಲದಲ್ಲಿ, 1952ರಲ್ಲಿ ಮತ್ತು ಏಕೀಕರಣದ ನಂತರ 1957ರಲ್ಲಿ ಇಲ್ಲಿಂದ ಕಾಂಗ್ರೆಸ್ಸಿನ ಡಿ. ಪಿ. ಕರಮರಕರ ಗೆದ್ದಿದ್ದರು, 1962ರಿಂದ ಅದೇ ಪಕ್ಷದ ಸರೋಜಿನಿ ಮಹಿಷಿ ಆಯ್ಕೆಯಾಗುತ್ತ ಬಂದು ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ರಾಜ್ಯ ಸಚಿವೆಯೂ ಆಗಿದ್ದರು.

1975ರ ಜೂನ್ 25ರಂದು ಘೋಷಿತವಾದ ತುರ್ತು ಪರಿಸ್ಥಿತಿ, ಅಂದರೆ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟು ಪತ್ರಿಕೆಗಳಿಗೆ ಪೂರ್ವ ಪರಿಶೀಲನೆಯನ್ನು ವಿಧಿಸಿದ ವ್ಯವಸ್ಥೆ, ಉತ್ತರ ಭಾರತದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳಿಂದಾಗಿ ಮನೆಮನೆಯ ಸಂಕಟವಾಗಿ ಪರಿಣಮಿಸಿತ್ತು. ಕರ್ನಾಟಕದಲ್ಲಿ ಬಂಧನಗಳು ನಡೆದಿದ್ದವಾದರೂ ಆ ಆಕ್ರೋಶ ಅಷ್ಟು ವ್ಯಾಪಕವಾಗಿರಲಿಲ್ಲ. ಮೇಲಾಗಿ ಉಳುವವನನ್ನೇ ಭೂಮಿಯ ಒಡೆಯನನ್ನಾಗಿಸಲು ಹೊರಟ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಆಗ ಜಾರಿಯಲ್ಲಿದ್ದು, ಗೇಣಿದಾರರಲ್ಲಿಯೂ ಹಿಂದುಳಿದ ವರ್ಗಗಳಲ್ಲಿಯೂ ಕಾಂಗ್ರೆಸ್ಸಿಗೆ ಹೊಸ ನೆಲೆಯನ್ನು ಒದಗಿಸಿತ್ತು. ಕಾಂಗ್ರೆಸ್ಸಿಗೆ ಇಲ್ಲಿ ಸಿಕ್ಕ ಈ ಬೆಂಬಲವನ್ನು ತುರ್ತು ಪರಿಸ್ಥಿತಿಯ ಸಮರ್ಥನೆಯೆಂದು ಓದುವುದು ಸರಿಯಾಗಲಾರದು.

ಫಲಿತಾಂಶದಲ್ಲಿ ಈ ಭೇದ ನಿಚ್ಚಳವಾಯಿತು. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ ಒಂದನ್ನೂ ಗೆಲ್ಲದೆ, ಸ್ವತಃ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣರಿಗೆ ಸೋತರೆ, ಕರ್ನಾಟಕದ 28 ಸ್ಥಾನಗಳಲ್ಲಿ 26 ಅದೇ ಪಕ್ಷದ ಪಾಲಾದವು. ಕೇಂದ್ರದಲ್ಲಿ ಅಧಿಕಾರ ಹಿಡಿದ ಜನತಾ ಪಕ್ಷಕ್ಕೆ ಇಲ್ಲಿ ಹಾಸನ ಮತ್ತು ಬೆಂಗಳೂರು ದಕ್ಷಿಣ ಮಾತ್ರ ದಕ್ಕಿದವು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದಾಗ, ಧಾರವಾಡದಿಂದ ನಾಲ್ಕನೆಯ ಬಾರಿಗೆ ಗೆದ್ದ ಮಹಿಷಿಯವರು ವಿರೋಧ ಪಕ್ಷದ ಆಸನದಲ್ಲಿ ಕೂರಬೇಕಾಯಿತು. ಕನ್ನಡಿಗರ ಉದ್ಯೋಗಾವಕಾಶಗಳ ಕುರಿತು ಅವರ ನೇತೃತ್ವದ ಸಮಿತಿ 1986ರಲ್ಲಿ ಸಲ್ಲಿಸಿದ ವರದಿಯಿಂದಲೇ ಅವರ ಹೆಸರು ಇಂದಿಗೂ ಬಳಕೆಯಲ್ಲಿದೆ.

ಕ್ಷೇತ್ರದ ನಿಷ್ಠೆ ಬದಲಾದದ್ದು ಬಹಳ ತಡವಾಗಿ. 1980ರಿಂದ 1991ರವರೆಗೆ ನಾಲ್ಕು ಬಾರಿ ಡಿ. ಕೆ. ನಾಯ್ಕರ ಕಾಂಗ್ರೆಸ್ಸಿನಿಂದ ಗೆದ್ದ ಬಳಿಕ, 1996ರಲ್ಲಿ ಭಾರತೀಯ ಜನತಾ ಪಕ್ಷದ ವಿಜಯ ಸಂಕೇಶ್ವರ ಈ ಸರಪಳಿಯನ್ನು ತುಂಡರಿಸಿದರು. ಅವರ ಪಕ್ಷದ ಸರ್ಕಾರ ಹದಿಮೂರೇ ದಿನಗಳಲ್ಲಿ ಉರುಳಿ, ಎಚ್. ಡಿ. ದೇವೇಗೌಡರ ಸಂಯುಕ್ತ ರಂಗ ಸರ್ಕಾರ ಬಂದಾಗ, ಹಿಂದೆ ವಿಧಾನಸಭೆಯಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಜನತಾದಳದ ಎಸ್. ಆರ್. ಬೊಮ್ಮಾಯಿ ಕೇಂದ್ರ ಮಾನವ ಸಂಪನ್ಮೂಲ ಸಚಿವರಾದರು.