ಬಿಜಾಪುರೆ, ರಾಮಭಾವು

ಬಿಜಾಪುರೆ, ರಾಮಭಾವು (1917-2010): ಹಿಂದೂಸ್ತಾನಿ ಸಂಗೀತದ ಹೆಸರಾಂತ ಹಾರ್ಮೋನಿಯಂ ವಾದಕರು, ಬೆಳಗಾವಿಯ ಸಂಗೀತ ಗುರುಗಳು. ಪೂರ್ಣ ಹೆಸರು ರಾಮ ಕಲ್ಲೋ ಬಿಜಾಪುರೆ. ಹುಟ್ಟಿದ್ದು 1917ರ ಜನವರಿ 7ರಂದು, ಈಗಿನ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ.

ವಾದ್ಯದ ಹಿನ್ನೆಲೆ: 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೆನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಲ್ಲಿ ತುಳಿದು ನುಡಿಸುವ ಆ ವಾದ್ಯ ಭಾರತದಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ನೆಲದ ಮೇಲೆ ಕೂತು ನುಡಿಸುವ ನಮ್ಮ ರೂಢಿಗೆ ಒಗ್ಗಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ 'ಪೇಟಿ' ಎಂದೇ ಹೆಸರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಜಾತ್ರೆಯ ನಾಟಕಗಳಲ್ಲಿ ಹಾಡು ಕಲಿಸುವವರೂ ರಂಗದ ಮುಂದೆ ಕೂತು ನಟರ ಶ್ರುತಿ ಕಾಯುವವರೂ ಪೇಟಿ ಮಾಸ್ತರರೇ. ಈ ವಾದ್ಯಕ್ಕೆ ಶಾಸ್ತ್ರೀಯ ಕಛೇರಿಯಲ್ಲಿ ಗೌರವದ ಸ್ಥಾನ ದೊರಕಿಸಲು ದುಡಿದವರಲ್ಲಿ ಬಿಜಾಪುರೆ ಪ್ರಮುಖರು.

ಶಿಕ್ಷಣ, ಸಾಧನೆ: ಪೇಟಿಯ ಮೊದಲ ಪಾಠ ಅಣ್ಣಿಗೇರಿ ಮಲ್ಲಯ್ಯನವರಲ್ಲಿ, ಮುಂದೆ ಹನುಮಂತರಾವ್ ವಾಳ್ವೇಕರರಲ್ಲಿ. ರಾಮಕೃಷ್ಣಬುವಾ ವಝೆ ಮೊದಲಾದವರಿಂದ ಗಾಯನವನ್ನೂ ಕಲಿತರು. ಗಾಯಕರಿಗೆ ಜೊತೆಯಾಗಿ ನುಡಿಸುವ ಸಾಥಿಗೆ ಆ ಕಲಿಕೆಯೇ ಬುನಾದಿಯಾಯಿತು. ಗಾಯಕ ಮೀಂಡಿನಲ್ಲಿ ಗಾಂಧಾರದಿಂದ ಷಡ್ಜಕ್ಕೆ ಜಾರಿದರೆ ಪೇಟಿಗೆ ಹಾಗೆ ಜಾರುವ ದಾರಿಯಿಲ್ಲ. ಅದರ ಒಂದೊಂದು ಮನೆಗೂ (ಕೀಲಿಗೂ) ಒಂದೇ ನೆಲೆಯ ಸ್ವರ. ಆ ತೆರವನ್ನು ವಾದಕ ಬಲಗೈ ಬೆರಳಿನ ಕಣಸ್ವರದಿಂದ, ಎಡಗೈ ತಿದಿಯ ಏರಿಳಿತದಿಂದ ತುಂಬಬೇಕು. ಮುಂದಿನ ಸ್ವರ ಯಾವುದೆಂಬುದು ಹಾಡು ಬಲ್ಲವನಿಗೆ ಮಾತ್ರ ಮೊದಲೇ ತಿಳಿಯುತ್ತದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಬಸವರಾಜ ರಾಜಗುರು ಮುಂತಾದ ದಿಗ್ಗಜರಿಗೆ ಅವರು ಸಾಥ್ ನೀಡಿದರು. ಸ್ವತಂತ್ರ ವಾದನದಲ್ಲೂ ಹೆಸರು ಗಳಿಸಿದರು.

ಗುರುವಾಗಿ: 1938ರಲ್ಲಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ತೆರೆದರು. ಎರಡೇ ವರ್ಷಕ್ಕೆ, 1940ರಲ್ಲಿ, ಸೂಕ್ಷ್ಮ ಶ್ರುತಿ ಹಿಡಿಯಲಾರದ ವಾದ್ಯವೆಂದು ಹಾರ್ಮೋನಿಯಂ ಮೇಲೆ ಬಾನುಲಿ ನಿಷೇಧ ಹೇರಿತು. ಅದು ಸಡಿಲಗೊಂಡದ್ದು 1971ರಲ್ಲಿ. ಬಾನುಲಿಯ ಬಾಗಿಲು ಮುಚ್ಚಿದ್ದ ಆ ಮೂರು ದಶಕಗಳಲ್ಲಿ ಪೇಟಿಯನ್ನು ಉಳಿಸಿದ್ದು ಕಛೇರಿ, ನಾಟಕ, ಭಜನೆ ಮತ್ತು ಇಂಥ ಪಾಠದ ಕೋಣೆಗಳು. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ, ವ್ಯಾಸಮೂರ್ತಿ ಕಟ್ಟಿ ಬಿಜಾಪುರೆಯವರ ಶಿಷ್ಯರಲ್ಲಿ ಪ್ರಮುಖರು.

ಕರ್ನಾಟಕ ಸರ್ಕಾರದ ಟಿ. ಚೌಡಯ್ಯ ಪ್ರಶಸ್ತಿ ಇವರಿಗೆ ಸಂದಿತು. 2010ರ ನವೆಂಬರ್ 19ರಂದು, ತೊಂಬತ್ತಮೂರರ ವಯಸ್ಸಿನಲ್ಲಿ ಬೆಳಗಾವಿಯಲ್ಲಿ ನಿಧನರಾದರು. ಸ್ವತಂತ್ರ ಕಛೇರಿಯಲ್ಲಿ ಇಂದು ಪೇಟಿ ನುಡಿಸುವ ಶಿಷ್ಯರ ಬೆರಳಲ್ಲಿ ಅವರ ಪಾಠ ಮುಂದುವರಿದಿದೆ.