ಕಂತಿನ ಸಂಖ್ಯೆಯೋ, ಚಿತ್ರೀಕರಣದ ದಿನವೋ? ದೈನಿಕ ಧಾರಾವಾಹಿಯ ಸಂಕಲನದಲ್ಲಿ ದೃಶ್ಯಸಾಮಗ್ರಿಯ ವಿಂಗಡಣೆ

ದೊಡ್ಡ ಪ್ರಮಾಣದ ದೃಶ್ಯಸಾಮಗ್ರಿಯನ್ನು ಹೇಗೆ ಕಾಪಿಡಬೇಕು ಎಂಬುದರಲ್ಲಿ ಸಂಕಲನಕಾರರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಮೂಲ ಕಾರ್ಡಿನ ನಕಲು ಕನಿಷ್ಠ ಎರಡು ಡಿಸ್ಕ್‌ಗಳಲ್ಲಿರಬೇಕು. ನಕಲು ಸರಿಯಿದೆಯೆಂದು ಖಾತ್ರಿಯಾಗುವವರೆಗೆ ಕಾರ್ಡ್ ಅಳಿಸಬಾರದು. ಭಾರದ ಫೈಲುಗಳಿಗೆ ಹಗುರವಾದ ಪ್ರಾಕ್ಸಿ ಮಾಡಿಕೊಂಡು ಕೆಲಸ ನಡೆಸಬೇಕು. ಇವಿಷ್ಟೂ ಎಲ್ಲರೂ ಒಪ್ಪಿದ ಮಾತು. ಆದರೆ ಬಿನ್‌ಗಳನ್ನು, ಅಂದರೆ ಸಂಕಲನ ತಂತ್ರಾಂಶದಲ್ಲಿ ಕ್ಲಿಪ್‌ಗಳನ್ನಿಡುವ ಫೋಲ್ಡರ್‌ಗಳನ್ನು, ಯಾವ ಆಧಾರದ ಮೇಲೆ ವಿಂಗಡಿಸಬೇಕು ಎಂಬಲ್ಲಿ ರೂಢಿಯ ಪಾಠ 'ದೃಶ್ಯಕ್ಕೊಂದು ಬಿನ್' ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಈ ಲೇಖನದ ತಕರಾರು ಆ ಒಂದು ಸಾಲಿನ ಬಗ್ಗೆ.

ಈ ಪ್ರಶ್ನೆಯನ್ನು ಆಳವಾಗಿ ಯೋಚಿಸಿದವರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಮುಖ್ಯರು. ಅವರು ಸಂಕಲನದಲ್ಲಿ ಭಾಗಿಯಾಗಿದ್ದ 'ಅಪೊಕ್ಯಾಲಿಪ್ಸ್ ನೌ' (1979) ಚಿತ್ರಕ್ಕೆ ಸುಮಾರು 12.5 ಲಕ್ಷ ಅಡಿ, ಅಂದರೆ 230 ಗಂಟೆಗೂ ಮಿಕ್ಕಿದ ಫಿಲ್ಮ್ ಖರ್ಚಾಗಿತ್ತು. ಆ ಅನುಭವದಿಂದ ಅವರು 1995ರ ತಮ್ಮ ಪುಸ್ತಕದಲ್ಲಿ ಒಂದು ವಾದ ಮಂಡಿಸಿದರು. ಕೆಇಎಂ ಎಂಬ ಫಿಲ್ಮ್ ಸಂಕಲನ ಯಂತ್ರದ ಹತ್ತು ನಿಮಿಷದ ಸುರುಳಿಯಲ್ಲಿ ಒಂದು ಶಾಟ್ ಹುಡುಕಲು ಹೊರಟರೆ ದಾರಿಯಲ್ಲಿ ಬೇರೆ ಶಾಟ್‌ಗಳೂ ಕಣ್ಣಿಗೆ ಬೀಳುತ್ತವೆ; ಕೇಳಿದ್ದಕ್ಕಿಂತ ಒಳ್ಳೆಯದು ಎಷ್ಟೋ ಸಲ ಹಾಗೆಯೇ ಸಿಗುತ್ತದೆ. ಕಂಪ್ಯೂಟರ್ ಕೇಳಿದ್ದನ್ನಷ್ಟೇ ಕೊಡುತ್ತದೆ. ಈ ವಾದ ಬಳಿಕ ಫಿಲ್ಮ್ ಮತ್ತು ಡಿಜಿಟಲ್ ನಡುವಿನ ಜಗಳವಾಗಿ ಉಳಿದುಕೊಂಡದ್ದು ವಿಷಾದದ ಸಂಗತಿ. ಮರ್ಚ್ ಅವರ ಹೋಲಿಕೆಯನ್ನೇ ಗಮನಿಸಿದರೆ, ಬಿಡಿಬಿಡಿ ಸಣ್ಣ ಸುರುಳಿಗಳಲ್ಲಿ ಕೆಲಸ ಮಾಡುತ್ತಿದ್ದ ಮೂವಿಯೋಲಾ ಎಂಬ ಫಿಲ್ಮ್ ಯಂತ್ರ ಕೂಡ ಕಂಪ್ಯೂಟರಿನ ಪಕ್ಷಕ್ಕೇ ಸೇರುತ್ತದೆ. ಹಾಗಿದ್ದಮೇಲೆ ಅನಿರೀಕ್ಷಿತವಾಗಿ ಸಿಗುವ ಆ ಲಾಭದ ಮೂಲ ಯಂತ್ರದಲ್ಲಿಲ್ಲ, ಸಾಮಗ್ರಿಯನ್ನು ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದೇವೆ ಎಂಬುದರಲ್ಲಿದೆ ಎನ್ನಬೇಕಾಗುತ್ತದೆ.

ಇದನ್ನು ಪರೀಕ್ಷಿಸಲು ಬೆಂಗಳೂರಿನ ಕೆಂಗೇರಿಗಿಂತ ತಕ್ಕ ಜಾಗ ನನಗೆ ತೋಚದು. ಮೈಸೂರು ರಸ್ತೆಯ ಈ ಭಾಗ, ರಾಜರಾಜೇಶ್ವರಿನಗರದಿಂದ ಬಿಡದಿಯ ಫಿಲ್ಮ್ ಸಿಟಿಯವರೆಗೆ, ಕನ್ನಡ ಕಿರುತೆರೆಯ ಶೂಟಿಂಗ್ ಮನೆಗಳ ಸಾಲು. ಎರಡು ಕ್ಯಾಮೆರಾ ದಿನಕ್ಕೆ ತಲಾ ನಾಲ್ಕು ಗಂಟೆ ಓಡಿದವು ಎಂದಿಟ್ಟುಕೊಳ್ಳಿ. ಎಚ್‌ಡಿ ಪ್ರೋರೆಸ್ 422ನಲ್ಲಿ ಗಂಟೆಗೆ ಸುಮಾರು 55 ಜಿಬಿಯಂತೆ ದಿನಕ್ಕೆ 440 ಜಿಬಿ. 100 ಎಂಬಿಪಿಎಸ್ ಸಂಪರ್ಕದಲ್ಲಿ ಇದನ್ನು ಕಳಿಸಲು ಹತ್ತಿರಹತ್ತಿರ ಹತ್ತು ಗಂಟೆ ಬೇಕು. ಗಂಟೆಗೆ 17 ಜಿಬಿಯ ಪ್ರಾಕ್ಸಿ ಕಳಿಸಿದರೂ ಮೂರು ಗಂಟೆ. ಕೆಂಗೇರಿ ಉಪನಗರದಿಂದ ವಿಜಯನಗರದ ಎಡಿಟಿಂಗ್ ಸೂಟ್‌ಗೆ ಬೈಕಿನಲ್ಲಿ ಹಾರ್ಡ್ ಡಿಸ್ಕ್ ಹೊತ್ತು ತರುವುದೇ ಬೇಗ. ಹೀಗಾಗಿ ಸಾಮಗ್ರಿ ಸಂಕಲನಕಾರರ ಕೈಸೇರುವುದು ದಿನದ ಲೆಕ್ಕದಲ್ಲಿ: ಒಂದು ದಿನ, ಒಂದು ಡಿಸ್ಕ್.

ಆದರೆ ಆ ದಿನದೊಳಗೆ ಒಂದೇ ಕಂತು ಇರುವುದಿಲ್ಲ. ಮನೆ ಬಾಡಿಗೆಗೆ ಸಿಕ್ಕಿದೆ, ಕಲಾವಿದರ ಡೇಟ್ ಇದೆ ಎಂದು ಆ ಮನೆಯ ಹಜಾರದಲ್ಲಿ ನಡೆಯಬೇಕಾದ ನಾಲ್ಕಾರು ಕಂತುಗಳ ಸೀನ್‌ಗಳನ್ನು ಒಟ್ಟಿಗೆ ತೆಗೆಯುತ್ತಾರೆ. ಡಿಸ್ಕ್ ಬಂದೊಡನೆ ಸಹಾಯಕ ಸಂಕಲನಕಾರ ಕ್ಲ್ಯಾಪ್ ನೋಡಿ ಅವನ್ನು ಕಂತುವಾರು ಫೋಲ್ಡರ್‌ಗಳಿಗೆ ಹಂಚುತ್ತಾನೆ. ತೊಡಕು ಶುರುವಾಗುವುದು ಇಲ್ಲಿ. ಕ್ಲ್ಯಾಪ್ ಮೇಲೆ 'ಕಂತು 412, ಸೀನ್ 7' ಎಂದಿದೆ ಎನ್ನೋಣ. ಕಂತು 22 ನಿಮಿಷಕ್ಕೆ ನಿಲ್ಲಬೇಕು. ಕಟ್ ಮಾಡಿದಾಗ 24 ಬಂತು. ಆರನೇ ಸೀನಿನ ಕೊನೆಯಲ್ಲೇ ಒಳ್ಳೆಯ ಹುಕ್ ಸಿಕ್ಕಿದ್ದರಿಂದ ಏಳನೆಯದು 413ರ ಆರಂಭಕ್ಕೆ ಜಾರಿತು. ಈಗ ಕ್ಲಿಪ್ ಇರುವುದು 412ರ ಫೋಲ್ಡರ್‌ನಲ್ಲಿ, ಪ್ರಸಾರವಾದದ್ದು 413ರಲ್ಲಿ. ಎರಡು ತಿಂಗಳ ನಂತರ ಕಥೆಗಾರರು ಫ್ಲ್ಯಾಶ್‌ಬ್ಯಾಕ್ ಕೇಳಿದಾಗ ಎಲ್ಲರ ನೆನಪಲ್ಲಿರುವುದು ಪ್ರಸಾರವಾದ ಕಂತು. ಸಹಾಯಕ 413 ತೆರೆದು ನೋಡಿದರೆ ಅಲ್ಲೇನೂ ಇಲ್ಲ. ಸಿನಿಮಾದಲ್ಲಿ ಚಿತ್ರಕಥೆಯ ಸೀನ್ ಸಂಖ್ಯೆ ಬಹುಮಟ್ಟಿಗೆ ಕೊನೆತನಕ ನಿಲ್ಲುತ್ತದೆ. ಧಾರಾವಾಹಿಯಲ್ಲಿ ಕಂತಿನ ಗಡಿ ಖಚಿತವಾಗುವುದೇ ಎಡಿಟಿಂಗ್ ಮೇಜಿನ ಮೇಲೆ. ಸಂಕಲನ ಮುಗಿದ ಮೇಲಷ್ಟೇ ನಿಜವಾಗುವ ಸಂಖ್ಯೆಯನ್ನು ಸಂಕಲನಕ್ಕೆ ಮುಂಚೆಯೇ ಫೋಲ್ಡರ್‌ಗೆ ಹಚ್ಚುವುದು ಸರಿಯಲ್ಲ.

ಆದ್ದರಿಂದ ನನ್ನ ಪ್ರತಿಪಾದನೆ ಇಷ್ಟು: ದೈನಿಕ ಧಾರಾವಾಹಿಯಲ್ಲಿ ಮೂಲ ಸಾಮಗ್ರಿ ದಿನಾಂಕ, ಕ್ಯಾಮೆರಾ, ಕಾರ್ಡ್ ಎಂಬ ಕ್ರಮದಲ್ಲೇ ಇರಬೇಕು. ಕಂತು, ಸೀನ್, ಪಾತ್ರ, ಉಡುಪು ಇವೆಲ್ಲ ಅದರ ಮೇಲೆ ಹಚ್ಚುವ, ಬೇಕಾದಾಗ ತಿದ್ದಬಹುದಾದ ಗುರುತುಗಳಾಗಬೇಕು. ದಿನದ ರಶಸ್ ಅನ್ನು, ಅಂದರೆ ಆ ದಿನ ಚಿತ್ರೀಕರಿಸಿದ ಕಚ್ಚಾ ಸಾಮಗ್ರಿಯನ್ನು, ಒಂದೇ ಟೈಮ್‌ಲೈನಿನಲ್ಲಿ ಹರಡಿಟ್ಟರೆ ಮರ್ಚ್ ಹೇಳಿದ ಉದ್ದ ಸುರುಳಿ ಕಂಪ್ಯೂಟರಿನಲ್ಲೇ ಸಿಕ್ಕಂತಾಗುತ್ತದೆ. ಅತ್ತೆಯ ಪಾತ್ರದ ಒಂದು ಮೌನದ ಕ್ಲೋಸಪ್ ಸಾಲದೆ ಬಂದರೆ, ಅದೇ ಸೀರೆಯಲ್ಲಿ, ಅದೇ ಬೆಳಕಿನಲ್ಲಿ, ಬೇರೆ ಸೀನಿಗೆ ತೆಗೆದ ಕ್ಲೋಸಪ್ ಅಲ್ಲೇ ಹಿಂದೆಮುಂದೆ ಇರುತ್ತದೆ. ಕಂತುವಾರು ಹಂಚಿದ ಬಿನ್‌ನಲ್ಲಿ ಅದು ಕಣ್ಣಿಗೇ ಬೀಳದು.

ಬಿಡದಿಯ ಇನ್ನೊಂದು ಉದಾಹರಣೆ ಇದಕ್ಕೆ ಬಲ ಕೊಡುತ್ತದೆ. 2013ರಲ್ಲಿ ಆರಂಭವಾಗಿ ಬಳಿಕ ಅಲ್ಲಿಗೆ ಬಂದ ಬಿಗ್ ಬಾಸ್ ಕನ್ನಡದಂಥ ಕಾರ್ಯಕ್ರಮಕ್ಕೆ ಕ್ಲ್ಯಾಪ್ ಇಲ್ಲ, ಸೀನ್ ಸಂಖ್ಯೆಯಿಲ್ಲ. ಹಗಲೂ ರಾತ್ರಿ ಓಡುವ ಹತ್ತು ಕ್ಯಾಮೆರಾ ಎಂದರೂ ದಿನಕ್ಕೆ 240 ಗಂಟೆ. ಅಂಥಲ್ಲಿ ಟೈಮ್‌ಕೋಡ್ ಬಿಟ್ಟರೆ ಬೇರೆ ಕಪಾಟಿಲ್ಲ. ಕಥೆಯನ್ನು ಆಮೇಲೆ ಅದರೊಳಗಿಂದ ಹೆಕ್ಕಬೇಕು.

ಈ ವಾದಕ್ಕೆ ಮಿತಿಗಳಿವೆ, ಅವನ್ನು ಮರೆಮಾಚಬಾರದು. ಬ್ಯಾಂಕಿಂಗ್ (ಮುಂಚಿತವಾಗಿ ಸಿದ್ಧಪಡಿಸಿಟ್ಟ ಕಂತುಗಳ ದಾಸ್ತಾನು) ಕರಗಿ ಇಂದು ತೆಗೆದದ್ದು ನಾಳೆಯೇ ಪ್ರಸಾರವಾಗಬೇಕಾದ ವಾರಗಳಲ್ಲಿ ದಿನದ ರಶಸ್ ಪೂರ್ತಿ ನೋಡುವ ಪುರಸೊತ್ತು ಯಾರಿಗೂ ಇರದು; ಆಗ ಓಕೆ ಟೇಕ್‌ಗಳನ್ನು ನೇರ ಕಂತಿನ ಬಿನ್‌ಗೆ ಎಳೆದುಕೊಳ್ಳುವುದೇ ದಾರಿ. ಒಂದೇ ಧಾರಾವಾಹಿಯನ್ನು ಇಬ್ಬರು ಸಂಕಲನಕಾರರು ಕಂತು ಹಂಚಿಕೊಂಡು ಮಾಡುವಲ್ಲೂ ಕಂತುವಾರು ವಿಂಗಡಣೆಗೆ ಅದರದೇ ಅನುಕೂಲವಿದೆ. ದಿನಾಂಕದ ಕ್ರಮ ನಿಂತಿರುವುದೂ ಕ್ಯಾಮೆರಾಗಳ ಗಡಿಯಾರ ಸರಿಯಿದೆಯೆಂಬ ನಂಬಿಕೆಯ ಮೇಲೆ. ಬಾಡಿಗೆ ಕ್ಯಾಮೆರಾದ ಗಡಿಯಾರವನ್ನು ಬೆಳಿಗ್ಗೆ ಯಾರೂ ತಿದ್ದದಿದ್ದರೆ ಇಡೀ ಸಾಲು ಹಿಂದುಮುಂದಾಗುತ್ತದೆ. ಹಾಗಾಗಿ ನನ್ನ ಮಾತು ದೀರ್ಘಕಾಲ ಓಡುವ, ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ಬಳಸುವ ಧಾರಾವಾಹಿಗಳಿಗೆ ಮಾತ್ರ ಅನ್ವಯಿಸುತ್ತದೆ. ಸಿನಿಮಾಕ್ಕಾಗಲೀ ಜಾಹೀರಾತಿಗಾಗಲೀ ಅದನ್ನು ಹಿಗ್ಗಿಸಲಾರೆ.

ಮಾತನ್ನು ಗುರುತಿಸಿ ಬರಹವಾಗಿಸುವ ತಂತ್ರಾಂಶ ಸಂಭಾಷಣೆಯಿಂದಲೇ ಶಾಟ್ ಹುಡುಕಿಕೊಡುವಂತಾದರೆ ಈ ಚರ್ಚೆಯ ಅರ್ಧಭಾಗ ಅನಗತ್ಯವಾಗಬಹುದು. ಮಂಡ್ಯದ ಸೊಗಡಿನ, ಧಾರವಾಡದ ಧಾಟಿಯ, ಇಬ್ಬರು ಒಟ್ಟಿಗೆ ಮಾತನಾಡುವ ಜಗಳದ ಸೀನ್‌ಗಳಲ್ಲಿ ಅದು ಎಷ್ಟು ನಂಬಲರ್ಹ ಎಂಬುದನ್ನು ಪರೀಕ್ಷಿಸಬೇಕಿದೆ. ಸಂಭಾಷಣೆಯೇ ಇಲ್ಲದ ಆ ಮೌನದ ಕ್ಲೋಸಪ್ ಅನ್ನು ಅದು ಹೇಗೆ ಹುಡುಕೀತು ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ.